ಸಹಾಯ ಬೇಕು: ರಸ್ತೆ ಮ್ಯಾಪ್ ಡೇಟಾದ ತಪ್ಪು ತಾನಾಗೇ ಹುಡುಕೋದು ಹೇಗೆ?

ಎಲ್ರಿಗೂ ನಮಸ್ಕಾರ. ನಾನಿರೋದು ಪುಣೆಯ ಕೋಥ್ರೂಡಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪಿಂದ (ಜನರೇ ಸೇರಿ ಮಾಡೋ ಉಚಿತ ಮ್ಯಾಪ್) ಇಲ್ಲಿನ ರಸ್ತೆ ಡೇಟಾ ಇಳಿಸ್ಕೊಂಡು ಪೋಸ್ಟ್‌ಜಿಐಎಸ್‌ಗೆ (ಮ್ಯಾಪ್ ಡೇಟಾ ಇಡೋ ಡೇಟಾಬೇಸ್) ಹಾಕಿದೀನಿ, ದಿನಾ ರಾತ್ರಿ ತಾನಾಗೇ ತಪ್ಪು ಹುಡುಕೋ ಸ್ಕ್ರಿಪ್ಟ್ ಬರೀತಿದೀನಿ. ಆಕಾರ ಸರಿಯಿದೆಯಾ ಅಂತ ನೋಡೋ ಅದರ ಎಸ್‌ಟಿ_ಈಸ್‌ವ್ಯಾಲಿಡ್ ಫಂಕ್ಷನ್ ಓಡಿಸಿದ್ರೆ ಎಲ್ಲಾ ಸರಿ ಅಂತಾನೇ ಬರುತ್ತೆ, ಯಾಕಂದ್ರೆ ಅದು ಒಂದೊಂದು ಗೆರೆನ ಬಿಡಿಬಿಡಿಯಾಗಿ ನೋಡುತ್ತೆ ಅಷ್ಟೇ, ಎರಡು ರಸ್ತೆ ಸೇರಿದಾವಾ ಅಂತ ನೋಡಲ್ಲ. ನಮ್ಮನೆ ಹತ್ರದ ಗಲ್ಲಿನೇ ಮೇನ್ ರೋಡಿಗೆ ಒಂದು ಗೇಣು ಮುಂಚೆ ನಿಂತ್ಬಿಟ್ಟಿದೆ, ಕಣ್ಣಿಗೆ ಕಾಣಲ್ಲ, ಆದ್ರೆ ರೂಟಿಂಗ್ ಮಾಡಿದ್ರೆ ಆಂಬ್ಯುಲೆನ್ಸ್‌ಗೆ ಅಲ್ಲಿಗೆ ದಾರೀನೇ ಇಲ್ಲ.

ಇಂಥ ಗ್ಯಾಪ್ ಹುಡುಕೋಕೆ ಮೊದ್ಲು 4326ರಲ್ಲೇ (ಅಕ್ಷಾಂಶ-ರೇಖಾಂಶದ ಡಿಗ್ರಿ ಲೆಕ್ಕದ ಪದ್ಧತಿ) 0.5 ಟಾಲರೆನ್ಸ್ (ಎಷ್ಟು ದೂರದೊಳಗಿನ ಗ್ಯಾಪ್ ಹಿಡೀಬೇಕು ಅನ್ನೋ ಮಿತಿ) ಕೊಟ್ಟಿದ್ದೆ, ಅಲ್ಲಿ ಅದು ಅರ್ಧ ಮೀಟರ್ ಅಲ್ಲ, ಅರ್ಧ ಡಿಗ್ರಿ, ಅಂದ್ರೆ 50 ಕಿಲೋಮೀಟರ್ ಮೇಲೆ! ಈಗ 32643ಕ್ಕೆ (ಪುಣೆ ಭಾಗಕ್ಕೆ ಹೊಂದೋ ಮೀಟರ್ ಲೆಕ್ಕದ ಪದ್ಧತಿ) ಬದಲಾಯಿಸಿ ಮೀಟರಲ್ಲೇ ಅಳೀತಿದೀನಿ, ಗ್ಯಾಪ್‌ಗಳು ಸಿಗ್ತಿವೆ.

ತೊಂದ್ರೆ ಸೇತುವೆಗಳದ್ದು. ಮುಠಾ ನದಿ ಸೇತುವೆ ಕೆಳಗೆ ನದಿಪಾತ್ರದ ರಸ್ತೆ ಹಾದುಹೋಗುತ್ತೆ, ಅಲ್ಲಿ ನೋಡ್ (ಎರಡು ರಸ್ತೆ ಸೇರೋ ಬಿಂದು) ಇಲ್ದಿರೋದೇ ಸರಿ, ಸ್ಕ್ರಿಪ್ಟ್ ಅದನ್ನೂ ತಪ್ಪು ಅಂತ ಎತ್ತಿ ತೋರಿಸುತ್ತೆ. ಬ್ರಿಡ್ಜ್, ಲೇಯರ್ ಟ್ಯಾಗ್ (ಸೇತುವೆ, ಮೇಲೆ-ಕೆಳಗೆ ಅಂತ ಮ್ಯಾಪಲ್ಲಿ ಹಾಕೋ ಗುರುತು) ನೋಡಿ ಬಿಡೋಣ ಅಂದ್ರೆ, ಟ್ಯಾಗೇ ಹಾಕದಿರೋ ಸೇತುವೆ ಇದ್ರೆ ಏನ್ಮಾಡ್ಲಿ? ಅವನ್ನ ನದಿ ಗೆರೆ ಜೊತೆ ತಾಳೆ ನೋಡಿ ಬೇರೆ ಪಟ್ಟಿ ಮಾಡೋದು ಸರೀನಾ? ಯಾರಾದ್ರೂ ಮಾಡಿದ್ರೆ ದಯವಿಟ್ಟು ಹೇಳಿ, ಕ್ವೆರಿ ಇದ್ರೆ ಇಲ್ಲೇ ಹಾಕಿ.