ಕೊಟ್ಟ ಲಸಿಕೆ, ಮಾರಿದ ಲಸಿಕೆ, ತಡೆದ ಲಸಿಕೆ: ಡಾಕ್ಟರಿಗೆ ಪ್ರಶ್ನೆ

ಅಡ್ಮಿನ್: ಕೊರೊನಾ ಕಾಲದಾಗ ದೇಶಗಳ ನಡುವೆ ನಡೆದ ಲಸಿಕೆ ರಾಜತಾಂತ್ರಿಕತೆ ಬಗ್ಗೆ ಇವತ್ತು ಕೇಳಬಹುದು. ಲಸಿಕಾ ವಿಭಾಗದಾಗ ಕೆಲಸ ಮಾಡಿದ ನಮ್ಮ ಗುಂಪಿನ ಡಾಕ್ಟರು ಉತ್ತರ ಕೊಡ್ತಾರ. ಫಾರ್ವರ್ಡ್ ಹಾಕಬ್ಯಾಡ್ರಿ.

ಕೆಎಎಸ್ ಅಭ್ಯರ್ಥಿ, ಧಾರವಾಡ: ಸರ, ಹೊರದೇಶಕ್ಕ ಲಸಿಕೆ ಕಳಿಸಿದ ‘ವ್ಯಾಕ್ಸಿನ್ ಮೈತ್ರಿ’ ಯೋಜನೆಯೊಳಗ ಭಾರತ ಪುಕ್ಕಟೆ ಕೊಟ್ಟದ್ದೆಷ್ಟು?

ಡಾಕ್ಟರ್: 2021ರ ಜನವರಿ 20ಕ್ಕ ಭೂತಾನ್, ಮಾಲ್ಡೀವ್ಸ್‌ನಿಂದ ಶುರುವಾತು. ಆ ವರ್ಷದ ಮೇ ಹೊತ್ತಿಗೆ ಸುಮಾರು 6.63 ಕೋಟಿ ಡೋಸ್ ಹೊರಗ ಹೋಗಿದ್ವು. ದಾನ 1.07 ಕೋಟಿ, ವ್ಯಾಪಾರ 3.57 ಕೋಟಿ, ಕೋವ್ಯಾಕ್ಸ್ (ಬಡ ದೇಶಗಳಿಗೂ ಲಸಿಕೆ ಮುಟ್ಟಿಸಿದ ಜಾಗತಿಕ ಯೋಜನೆ) ಮೂಲಕ 1.98 ಕೋಟಿ. ಪರೀಕ್ಷೆಯೊಳಗ ಮೂರನ್ನೂ ಬ್ಯಾರೆ ಬ್ಯಾರೆ ಬರೀರಿ.

ಶಿಕ್ಷಕಿ, ಗದಗ: ಸರ, ದಾನ ಬಂದ ಲಸಿಕೆಯನ್ನ ಕೆಲವು ದೇಶ ಸುಟ್ಟು ಹಾಕಿದ್ವಂತ. ಯಾಕ್ರಿ?

ಡಾಕ್ಟರ್: ಎಕ್ಸ್‌ಪೈರಿ ಹತ್ರ ಬಂದ ಮೇಲೆ ಕಳಿಸಿದ್ರು, ಅದಕ್ಕ. ನೈಜೀರಿಯಾ 2021ರ ಡಿಸೆಂಬರ್‌ನ್ಯಾಗ 10 ಲಕ್ಷಕ್ಕೂ ಹೆಚ್ಚು ಡೋಸ್ ನಾಶ ಮಾಡ್ತು. ವಿಮಾನದಿಂದ ಇಳಿಸಿ, ತಪಾಸಣೆ ಮುಗಿಸಿ, ಜಿಲ್ಲೆಗೆ ಹಂಚಿ, ಸಿಬ್ಬಂದಿಗೆ ತರಬೇತಿ ಕೊಡೂದ್ರಾಗ ವಾರಗಳು ಹೋಗ್ತಾವ. ಅದಕ್ಕ ಆಫ್ರಿಕಾದ ಸಂಸ್ಥೆಗಳು, ಕೋವ್ಯಾಕ್ಸ್ ಕೂಡಿ 2021ರ ನವೆಂಬರ್‌ನ್ಯಾಗ ಬಾಯಿಬಿಟ್ಟು ಹೇಳಿದ್ವು: ಮಾಲು ನಮ್ಮಲ್ಲಿ ಇಳಿಯುವಾಗ ಕನಿಷ್ಠ 10 ವಾರ ಆಯುಷ್ಯ ಇರಬೇಕು, 4 ವಾರ ಮುಂಚೆ ತಿಳಿಸ್ಬೇಕು, ಸಿರಿಂಜೂ ಜೊತೆ ಬರಬೇಕು. ಫೈಝರ್ ಡೋಸ್ 0.3 ಮಿ.ಲೀ., ಅದಕ್ಕ ನಮ್ಮ 0.5 ಮಿ.ಲೀ. ಆಟೋ-ಡಿಸೇಬಲ್ ಸಿರಿಂಜ್ (ಒಮ್ಮೆ ಬಳಸಿದ್ರ ತಾನಾ ಲಾಕ್ ಆಗೂದು) ನಡೆಯೂದಿಲ್ಲ. ವಯಲ್ (ಲಸಿಕೆ ಬಾಟ್ಲಿ) ಬಂದು ಸಿರಿಂಜ್ ಬರದಿದ್ರ ಅದು ದಾನ ಅಲ್ಲ, ಹೊರೆ.

ಸದಸ್ಯ, ನವನಗರ: (ಫಾರ್ವರ್ಡ್) ‘ಬಿಸಿನೀರಿಗೆ ಬಿಳಿಗಾರ ಕಲಸಿ ಸ್ನಾನ ಮಾಡಿದರೆ ಮೈಯೊಳಗಿನ ಲಸಿಕೆ ವಿಷ ಹೊರಬರುತ್ತದೆ.’ ಖರೇ ಏನ್ರಿ ಸರ?

ಡಾಕ್ಟರ್: ಸುಳ್ಳು. ಹಾಕಿಸಿಕೊಂಡ ಲಸಿಕೆ ಸ್ನಾನದಿಂದ ಹೊರಗ ಬರೂದಿಲ್ಲ. ಬಿಳಿಗಾರ ಚರ್ಮ, ಕಣ್ಣು ಉರಿಸ್ತೈತಿ. ಹೊಟ್ಟಿಗೆ ಹೋದ್ರ ವಾಂತಿ, ಭೇದಿ. ಹೆಚ್ಚಾದ್ರ ಮೂತ್ರಪಿಂಡಕ್ಕ ಪೆಟ್ಟು. ಕೂಸುಗಳಿಗಂತೂ ಬಾಳ ಅಪಾಯ. ಅಡ್ಮಿನ್, ಅದನ್ನ ಅಳಿಸ್ರಿ.

ಸದಸ್ಯೆ, ರಾಣೆಬೆನ್ನೂರ: ಪುಕ್ಕಟೆ ಎಷ್ಟು ಕೊಟ್ರು ಸರ?

ಡಾಕ್ಟರ್: ಮ್ಯಾಲೆ ಐತಿ.

ಸ್ಟಾಫ್ ನರ್ಸ್, ಹುಬ್ಬಳ್ಳಿ: ಸರ, ನಮ್ಮ ರಫ್ತು ನಿಂತಾಗ ಹೊರದೇಶದಾಗ ಮೊದಲ ಡೋಸ್ ಆದವರ ಗತಿ ಏನಾತು?

ಡಾಕ್ಟರ್: ಇದನ್ನ ಯಾರೂ ಕೇಳೂದಿಲ್ಲ ಅಕ್ಕಾರ. ಎರಡು ಡೋಸಿನ ಲಸಿಕೆಯೊಳಗ ಮೊದಲನೇದು ಕೊಟ್ಟಾಗನ ಎರಡನೇದರ ಮಾತು ಕೊಟ್ಟಂಗ. ನೇಪಾಳ ನೋಡ್ರಿ. ಜನವರಿಯೊಳಗ ನಾವು 10 ಲಕ್ಷ ಕೋವಿಶೀಲ್ಡ್ ದಾನ ಕೊಟ್ವಿ. ಅವರು ಮತ್ತ 20 ಲಕ್ಷ ಖರೀದಿ ಮಾಡಿದ್ರು, ಕೈಗೆ ಬಂದದ್ದು 10 ಲಕ್ಷ. ಅದನ್ನ ನಂಬಿ ಮಾರ್ಚ್‌ನ್ಯಾಗ 65 ದಾಟಿದವರಿಗೆ ಮೊದಲ ಡೋಸ್ ಹಾಕಿದ್ರು. ಆಮೇಲೆ ನಮ್ಮಲ್ಲಿ ಎರಡನೇ ಅಲೆ ಎದ್ದು ರಫ್ತು ನಿಂತು, 13 ಲಕ್ಷಕ್ಕೂ ಹೆಚ್ಚು ಹಿರಿಯರು ನಡುವ ಉಳಿದ್ರು. 12 ವಾರದ ಸುಮಾರಿಗೆ ಬೀಳಬೇಕಾದ ಡೋಸ್, ಜಪಾನ್ ಆಸ್ಟ್ರಾಝೆನೆಕಾ (ಕೋವಿಶೀಲ್ಡ್‌ನ ಮೂಲ ಲಸಿಕೆ) ಕಳಿಸಿದ ಮೇಲೆ ಆಗಸ್ಟ್‌ನ್ಯಾಗ ಸಿಕ್ತು.

ಭೂತಾನ್ ಬ್ಯಾರೆ ದಾರಿ ಹಿಡೀತು. ಜನವರಿಯ 1.5 ಲಕ್ಷ ಡೋಸ್ ಮುಟ್ಟಲೇ ಇಲ್ಲ, 2ರಿಂದ 8 ಡಿಗ್ರಿಯೊಳಗ ಕಾಯ್ದಿಟ್ರು. ಮಾರ್ಚ್‌ನ್ಯಾಗ ಇನ್ನ 4 ಲಕ್ಷ ಬಂದ ಮೇಲೆ 27ಕ್ಕ ಒಮ್ಮೆಲೇ ಶುರು ಮಾಡಿ, ಎರಡು ವಾರದೊಳಗ ಅರ್ಹ ವಯಸ್ಕರ ಪೈಕಿ ನೂರಕ್ಕ 90ಕ್ಕೂ ಹೆಚ್ಚು ಮಂದಿಗೆ ಮೊದಲ ಡೋಸ್ ಹಾಕಿದ್ರು. ಎರಡನೇದಕ್ಕ ಕೋವಿಶೀಲ್ಡ್ ಬರೂದಿಲ್ಲ ಅಂತ ಗೊತ್ತಾದಾಗ ಹಠ ಹಿಡಿದು ಕೂಡಲಿಲ್ಲ. ಅಮೆರಿಕ ಕೋವ್ಯಾಕ್ಸ್ ಮೂಲಕ ಕೊಟ್ಟ 5 ಲಕ್ಷ ಮಾಡೆರ್ನಾ ತರಿಸಿ ಜುಲೈನ್ಯಾಗ ಎರಡನೇ ಡೋಸಾಗಿ ಹಾಕಿದ್ರು. ಕೊಡೂ ದೇಶ ಪೆಟ್ಟಿಗೆ ಎಣಿಸ್ತೈತಿ, ತಗೊಳ್ಳೂ ದೇಶ ವಾರ ಎಣಿಸ್ಬೇಕಾಗ್ತೈತಿ.

ರೈತ, ಹಾವೇರಿ: ಏನ ಅನ್ರಿ, ಏಪ್ರಿಲ್-ಮೇದಾಗ ನಮ್ಮ ಮಂದಿ ಪಾಳಿ ಹಚ್ಚಿ ಖಾಲಿ ಕೈಲೆ ಬಂದ್ರು. ಹೊರಗ ಕಳಿಸಿದ್ದ ತಪ್ಪು.

ವ್ಯಾಪಾರಿ, ಹುಬ್ಬಳ್ಳಿ: ಅಣ್ಣಾರ, ಮುಂಗಡ ರೊಕ್ಕ ತಗೊಂಡ ಮಾಲು ಅದು. ಕರಾರು ಮುರದ್ರ ನಾಳೆ ನಮ್ಮನ್ನ ಯಾರು ನಂಬ್ತಾರ?

ರೈತ, ಹಾವೇರಿ: ಜೀವ ಹೋಗೂಮುಂದ ಕರಾರು ತಗೊಂಡು ಏನ್ ಮಾಡ್ತೀರಿ? ನಿಮಗ ಅಂಗಡಿ ಲೆಕ್ಕನ ದೊಡ್ದು.

ವ್ಯಾಪಾರಿ, ಹುಬ್ಬಳ್ಳಿ: ಅಂಗಡಿ ಸುದ್ದಿ ಯಾಕ್ ತೆಗೀತಿ? ನೇಪಾಳದ ಮುದುಕರು ಮನುಷ್ಯರಲ್ಲೇನ?

ಡಾಕ್ಟರ್: ಇಬ್ಬರೂ ಲೆಕ್ಕ ನೋಡ್ರಿ. ನಮ್ಮ ವಯಸ್ಕರು ಸುಮಾರು 94 ಕೋಟಿ, ಎರಡು ಡೋಸಿಗೆ 188 ಕೋಟಿ ಬೇಕು. ಹೊರಗ ಹೋದದ್ದು ಅದರ ನೂರಕ್ಕ ಮೂರೂವರೆ. ಜನವರಿಯೊಳಗ ಸರ್ಕಾರದ ಮೊದಲ ಕೋವಿಶೀಲ್ಡ್ ಆರ್ಡರ್ ಬರೇ 1.1 ಕೋಟಿ, ದೊಡ್ಡ ಕೊರತೆಯ ಬೇರು ಅಲ್ಲೈತಿ. ಆದ್ರ ಏಪ್ರಿಲ್‌ನ್ಯಾಗ ಒಂದೊಂದು ವಯಲ್ ಅಂದ್ರ ಹತ್ತು ಮಂದಿ ಡೋಸ್. ಹಾವೇರಿಯವರ ಸಿಟ್ಟು ಪೊಳ್ಳಲ್ಲ.

ರೈತ, ಹಾವೇರಿ: ಹಂಗಾರ ನಾ ಹೇಳಿದ್ದ ಖರೇ ಆತಲ್ಲ.

ಡಾಕ್ಟರ್: ಅರ್ಧ.

ಸದಸ್ಯ, ಧಾರವಾಡ: ಸರ, ಇಂಗ್ಲೆಂಡ್ ನಮ್ಮ ಸರ್ಟಿಫಿಕೇಟ್ ಯಾಕ ಒಪ್ಪಲಿಲ್ಲ? ಪೇಟೆಂಟ್ ವಿಷಯಾನೂ ಸ್ವಲ್ಪ ಹೇಳ್ರಿ.

ಡಾಕ್ಟರ್: 2021ರ ಸೆಪ್ಟೆಂಬರ್‌ನ್ಯಾಗ ಕೋವಿಶೀಲ್ಡ್ ಒಪ್ಪಿದ್ರೂ ಸರ್ಟಿಫಿಕೇಟ್ ಒಪ್ಪಿರಲಿಲ್ಲ. ನಾವೂ ಅಕ್ಟೋಬರ್ 4ರಿಂದ ಅವರ ಮಂದಿಗೆ ಕ್ವಾರಂಟೈನ್ ಹಾಕಿದ್ವಿ. 11ರಿಂದ ಅವರು ನಮ್ಮವರಿಗೆ ಹಾಕಿದ್ದ ಕ್ವಾರಂಟೈನ್ ತೆಗೆದ್ರು.

ಸದಸ್ಯ, ನವನಗರ: ಬಿಳಿಗಾರ ಬ್ಯಾಡಂದ್ರ ಬೇವಿನ ಕಷಾಯ ನಡೀತೈತೇನ್ರಿ, ವಿಷ ತೆಗೆಯಾಕ?

ಡಾಕ್ಟರ್: ತೆಗೆಯಾಕ ವಿಷನ ಇಲ್ಲ. ಕೂಸುಗಳಿಗೆ, ಬಸುರಿಯರಿಗೆ ಅದನ್ನ ಕುಡಿಸಿ ಕೇಡು ಮಾಡಬ್ಯಾಡ್ರಿ. ಇಂಥಾದ್ದು ಮತ್ತ ಬಂದ್ರ ನಾ ಉತ್ತರ ಕೊಡೂದಿಲ್ಲ.

ವ್ಯಾಪಾರಿ, ಹುಬ್ಬಳ್ಳಿ: ಅರ್ಧ ಅಂದದ್ದು ಓದಿಲ್ಲೇನ ಹಾವೇರಿ?

ಸದಸ್ಯ, ಧಾರವಾಡ: ಸರ, ಪೇಟೆಂಟ್?

ಅಡ್ಮಿನ್: ಇಬ್ಬರು ಸುಮ್ನಾಗೂತನಕ ಗುಂಪು ಬಂದ್.