ನಾಲ್ಕೈದು ರಂಧ್ರ ಬಿಟ್ಟು ಒಂದೇ ಗಾಯ: ರೋಬೋಟ್ ತೋಳುಗಳು ಬಡಿದುಕೊಳ್ಳುವುದಿಲ್ಲವೆ?

ಹುಬ್ಬಳ್ಳಿಯ ಥಿಯೇಟರ್ ಸಿಸ್ಟರ್:
ಹನ್ನೊಂದು ವರ್ಷದಿಂದ ಶಸ್ತ್ರವೈದ್ಯರ ಕೈಗೆ ಉಪಕರಣ ಕೊಡುವುದೇ ನನ್ನ ಕೆಲಸ. ಶ್ವಾಸಕೋಶದ ಹಾಲೆ (ಅದರ ಒಂದು ದೊಡ್ಡ ಭಾಗ) ತೆಗೆಯುವಾಗ ಈಗ ರೋಬೋಟಿನ ನಾಲ್ಕು ತೋಳಿಗೆ ನಾಲ್ಕು ರಂಧ್ರ, ಸಹಾಯಕರಿಗೆ ಇನ್ನೊಂದು. ಸ್ಪೇನಿನ ಶಸ್ತ್ರವೈದ್ಯ ಡಿಯೆಗೊ ಗೊನ್ಸಾಲೆಸ್ ರಿವಾಸ್ 2021ರಲ್ಲಿ ಮಾಡಿ ತೋರಿಸಿದಂತೆ ನಾವೂ ನಾಲ್ಕು ಸೆಂಟಿಮೀಟರಿನ ಒಂದೇ ಗಾಯದಲ್ಲಿ ಮುಗಿಸೋಣ ಎಂದು ನಮ್ಮ ಸರ್ ಹಟ ಹಿಡಿದಿದ್ದಾರೆ. ನಿನ್ನೆ ರೊಟ್ಟಿ ಹಿಟ್ಟಿನ ಮೇಲೆ ಅಳೆದು ನೋಡಿದೆ, ಹೆಚ್ಚುಕಡಿಮೆ ಎರಡು ಬೆರಳಿನ ಅಗಲ. ಅಷ್ಟರಲ್ಲಿ ಕ್ಯಾಮೆರಾ, ಎರಡು ಉಪಕರಣ, ರಕ್ತ ಹೀರುವ ನಳಿಕೆ, ಅಂಗಾಂಶ ಕತ್ತರಿಸಿ ಪಿನ್ ಹಾಕುವ ಸ್ಟೇಪ್ಲರ್! ಶ್ವಾಸಕೋಶದ ಅಪಧಮನಿ ಹರಿದರೆ ಒತ್ತಿ ಹಿಡಿಯುವ ಗಾಜ್ ಬಟ್ಟೆ ಎಲ್ಲಿಂದ ತೂರಿಸಲಿ?

ಧಾರವಾಡದ ಶಸ್ತ್ರವೈದ್ಯ:
ಬಡಿಯುತ್ತವೆ ಸಿಸ್ಟರ್. ಆದ್ದರಿಂದ ನಾಲ್ಕನೆಯ ತೋಳನ್ನು ಮಡಚಿ ಬದಿಗಿಡಿ, ಮೂರು ಸಾಕು. ಕ್ಯಾಮೆರಾ ಗಾಯದ ಬೆನ್ನಿನ ಕಡೆಯ ತುದಿಯಲ್ಲಿರಲಿ, ಉಪಕರಣಗಳು ಮುಂದೆ. ಗಾಜ್ ಬಟ್ಟೆಯನ್ನು ಆಮೇಲೆ ತೂರಿಸುವ ಮಾತೇ ಬೇಡ. ಸುರುಳಿ ಸುತ್ತಿ ಮೊದಲೇ ಎದೆಯೊಳಗೆ ಇಟ್ಟುಕೊಳ್ಳಿ. ರಕ್ತ ಚಿಮ್ಮಿದರೆ ಒಂದು ತೋಳು ಅದನ್ನು ಒತ್ತಿ ಹಿಡಿದಿರಲಿ, ಉಳಿದವನ್ನು ಬಿಡಿಸಿ. ಎದೆ ತೆರೆಯುವ ಉಪಕರಣಗಳ ಟ್ರೇ ಕೈಯಳತೆಯಲ್ಲಿರಬೇಕು. ನಿಮ್ಮ ಸರ್‌ಗೆ ಒಂದು ಮಾತು ಕೇಳಿ: ರೋಬೋಟ್ ಇಲ್ಲದೆ, ಬರೀ ಥೊರಾಕೊಸ್ಕೋಪ್‌ನಿಂದ (ಎದೆಯೊಳಗೆ ನೋಡುವ ಕ್ಯಾಮೆರಾ ಕೊಳವೆ) ಒಂದೇ ಗಾಯದಲ್ಲಿ ಎಷ್ಟು ಹಾಲೆ ತೆಗೆದಿದ್ದಾರೆ? ಆ ಸ್ಪೇನಿನವರೂ 2010ರಿಂದ ಅದನ್ನು ಪಳಗಿಸಿಕೊಂಡ ಮೇಲೆಯೇ ಇತ್ತ ಬಂದದ್ದು.

ಬೆಟಗೇರಿಯ ನೇಕಾರ:
ಡಾಕ್ಟರ್ ಸಾಹೇಬರೆ, ನನಗೆ ಎದೆ ತೆರೆದೇ ಮಾಡಿದ್ದರು. ಗಾಯ ಮಾಗಿ ಐದು ವರ್ಷವಾಯಿತು. ಆದರೂ ಲಾಳಿಯ ಹಗ್ಗ ಜಗ್ಗಿದಾಗಲೆಲ್ಲ ಪಕ್ಕೆ ಜುಮ್ಮೆನ್ನುತ್ತದೆ, ಅಂಗಿ ತಾಗಿದರೂ ಸಹಿಸಲಾಗುವುದಿಲ್ಲ. ಒಂದೇ ಗಾಯವಾಗಿದ್ದರೆ ಇದು ತಪ್ಪುತ್ತಿತ್ತೆ?

ಧಾರವಾಡದ ಶಸ್ತ್ರವೈದ್ಯ:
ಪ್ರತಿ ಪಕ್ಕೆಲುಬಿನ ಕೆಳ ಅಂಚಿಗೆ ಅಂಟಿಕೊಂಡು ಒಂದು ನರ ಹೋಗುತ್ತದೆ. ಎಲುಬುಗಳನ್ನು ಅಗಲಿಸಿದಾಗ ಅದು ನಜ್ಜುಗುಜ್ಜಾಗುತ್ತದೆ. ನಿಮ್ಮ ಜುಮ್ಮು ಬಹುಶಃ ಅದರದ್ದೇ. ಒಂದೇ ಗಾಯದ ವಿಧಾನದಲ್ಲಿ ಅಗಲಿಸುವುದಿಲ್ಲ, ಎಲುಬುಗಳ ನಡುವಿನ ಒಂದೇ ಸಂದಿಯಲ್ಲಿ ಕೆಲಸ. ಹಾಗೆಂದು ನೋವೇ ಇಲ್ಲ ಎಂದು ಹೇಳಲಾರೆ. ಮೂರು ಲೋಹದ ಕಡ್ಡಿಗಳು ಗಂಟೆಗಟ್ಟಲೆ ಅದೇ ಸಂದಿಯಲ್ಲಿ ಮೀಟುತ್ತಿರುತ್ತವೆ.

ಹುಬ್ಬಳ್ಳಿಯ ಥಿಯೇಟರ್ ಸಿಸ್ಟರ್:
ಸರ್, ನೀವು ಕೇಳಿದ ಪ್ರಶ್ನೆಯನ್ನು ನಮ್ಮವರಿಗೆ ಕೇಳುವ ಧೈರ್ಯ ನನಗಿಲ್ಲ. ಅರಿವಳಿಕೆಯ ಮೇಡಂ ಕೈಯಲ್ಲಿ ಕೇಳಿಸುತ್ತೇನೆ. ನಾಳೆ ಮಧ್ಯಾಹ್ನ ಥಿಯೇಟರ್ ಖಾಲಿ ಇದೆ; ಟೇಬಲ್ ಮೇಲೆ ದಿಂಬು ಮಲಗಿಸಿ, ತೋಳು ಬಿಡಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಇಟ್ಟು ನೋಡುತ್ತೇವೆ.