ಮಾಸ್ಟರ್ ಸಿಲಿಂಡರ್ ‘ರೀಬಿಲ್ಡ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗಾಗಿ ಬ್ರೇಕ್ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಬಂದಾಗ ‘ರೀಬಿಲ್ಡ್’ಗೆ ತಕ್ಕ ಕ್ರಿಯಾಪದ ಬೇಕಾಗಿದೆ.

ಗ್ಯಾರೇಜಿನಲ್ಲಿ ಒಳಗೆ ಫ್ಲೂಯಿಡ್ ಸೋರದಂತೆ ತಡೆಯುವ ರಬ್ಬರ್ ಕಪ್ ಮಾತ್ರ ಬದಲಿಸಿದರೆ ‘ಕಿಟ್ ಹಾಕಿದೆ’ ಅನ್ನುತ್ತಾರೆ. ಇಡೀ ಸಿಲಿಂಡರ್ ಹೊಸದಾದರೆ ‘ಅಸೆಂಬ್ಲಿ ಚೇಂಜ್’. ಇವೆರಡರ ನಡುವೆ ಇನ್ನೊಂದು ಕೆಲಸವಿದೆ. ಪೂರ್ತಿ ಬಿಚ್ಚಬೇಕು, ಬೋರ್ (ಸಿಲಿಂಡರಿನ ಒಳಗೋಡೆ) ನೋಡಬೇಕು. ಸಣ್ಣ ಗೀರಾದರೆ ಹೋನ್ ಮಾಡಬೇಕು, ಅಂದರೆ ಉಜ್ಜಿ ನಯ ಮಾಡಬೇಕು. ಆಳವಾಗಿ ತಿಂದಿದ್ದರೆ ಲೇತಿನವರಲ್ಲಿ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ (ಒಳಕೊಳವೆ) ಕೂರಿಸಿ, ಆಮೇಲೆ ಹೊಸ ಕಪ್ ಹಾಕಿ ಜೋಡಿಸಬೇಕು. ಹೆಸರು ಬೇಕಿರುವುದು ಈ ಕೆಲಸಕ್ಕೆ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಎರಕದ ಕಬ್ಬಿಣದ ಬೋರ್‌ನಲ್ಲಿ ತುಕ್ಕು ಹಿಡಿದು ಸಣ್ಣ ಗುಳಿ ಬೀಳುತ್ತವೆ. ಅಂಥ ಬೋರ್‌ಗೆ ಬರೀ ಕಿಟ್ ಹಾಕಿದರೆ ಗುಳಿಯ ಅಂಚು ಹೊಸ ರಬ್ಬರನ್ನೂ ಕೊಯ್ಯುತ್ತದೆ. ಹೊರಗೆ ಒಂದು ಹನಿಯೂ ಸೋರದಿದ್ದರೂ ಫ್ಲೂಯಿಡ್ ಒಳಗೇ ಕಪ್ ದಾಟಿ ಜಾರುವುದರಿಂದ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಒಂದೇ ಸರ್ಕ್ಯೂಟಿನ, ಅಂದರೆ ನಾಲ್ಕೂ ಚಕ್ರಕ್ಕೆ ಫ್ಲೂಯಿಡ್ ಹೋಗಲು ಒಂದೇ ಜಾಲವಿರುವ ಹಳೆಯ ಗಾಡಿಯಲ್ಲಿ ಮಾಸ್ಟರ್ ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ನಾನು ‘ರಿಪೇರಿ ಮಾಡಿಸಿ’ ಎಂದು ಬರೆದರೆ ಓದಿದವರು ಕಿಟ್ ಹಾಕಿಸಿ ಸುಮ್ನಾಗಬಹುದು. ಅದೇ ನನ್ನ ಭಯ.

ಹೊಸ ಅಸೆಂಬ್ಲಿಯೇ ಹಾಕಿ ಅನ್ನೋಣವೆಂದರೆ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅಂಗಡಿಯಲ್ಲಿ ಬಹುಕಾಲ ಕೂತ ‘ಹೊಸ’ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿರಬಹುದು. ಅದನ್ನೂ ಬಿಚ್ಚಿ ನೋಡಿಯೇ ಹಾಕುವುದು ಕ್ಷೇಮ.

‘ಪುನರ್ನಿರ್ಮಾಣ’ ಸೇತುವೆಗೆ ಸರಿ, ಇಷ್ಟು ಚಿಕ್ಕ ಸಾಮಾನಿಗೆ ಅಲ್ಲ. ‘ದುರಸ್ತಿ’ಯಲ್ಲಿ ಕಿಟ್ ಹಾಕುವುದೂ ಸೇರಿಬಿಡುತ್ತದೆ. ನನಗೆ ‘ಕಟ್ಟು’ ಇಷ್ಟ. ಪಂಪ್‌ಸೆಟ್ ಮೋಟಾರ್ ಸುಟ್ಟರೆ ‘ಕಾಯಿಲ್ ಕಟ್ಟಿಸಬೇಕು’ ಅನ್ನುತ್ತೇವಲ್ಲ, ಅಲ್ಲೂ ಹಳೆಯ ಮೈ ಉಳಿದು ಒಳಗು ಹೊಸದಾಗುತ್ತದೆ.

ಆದರೆ ಒಂದು ತೊಡಕಿದೆ. ‘ಮಾಸ್ಟರ್ ಸಿಲಿಂಡರ್ ಕಟ್ಟಿದೆ’ ಅಂದರೆ ಮೂಗು ಕಟ್ಟಿದ ಹಾಗೆ ತೂತು ಮುಚ್ಚಿದೆ ಎಂಬ ಅರ್ಥವೂ ಬರುತ್ತದೆ. ಇದು ಸುಮ್ನೆ ಊಹೆಯಲ್ಲ. ಫ್ಲೂಯಿಡ್ ಟ್ಯಾಂಕಿಗೆ ವಾಪಸ್ ಹೋಗುವ ಸೂಜಿಯಗಲದ ತೂತೊಂದು ಈ ಸಿಲಿಂಡರಿನಲ್ಲಿದೆ. ಅದು ನಿಜಕ್ಕೂ ಕಟ್ಟಿಕೊಳ್ಳುತ್ತದೆ, ಪೆಡಲ್ ಬಿಟ್ಟರೂ ಬ್ರೇಕ್ ಹಿಡಿದೇ ಇರುತ್ತದೆ. ಒಂದೇ ಪುಟದಲ್ಲಿ ರೋಗಕ್ಕೂ ಮದ್ದಿಗೂ ಒಂದೇ ಪದ ಬಂದರೆ ಕಷ್ಟ. ಅದಕ್ಕೇ ‘ಬಿಚ್ಚಿ ಕಟ್ಟು’ ಎಂದು ಜೋಡಿಪದವಾಗಿಯೇ ಬಳಸಿದರೆ ಗೊಂದಲ ಇರುವುದಿಲ್ಲ ಅಲ್ವಾ?

ಜೊತೆಗೆ ‘ಬ್ರೇಕ್ ಆಯಿಲ್’ ಎಂಬ ರೂಢಿಯ ಮಾತನ್ನು ಕೈಬಿಟ್ಟು ‘ಬ್ರೇಕ್ ಫ್ಲೂಯಿಡ್’ ಎಂದೇ ಬರೆಯುತ್ತಿದ್ದೇನೆ. ಆಯಿಲ್ ಎಂದು ಓದಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ನಡುವಿನ ಕೆಲಸಕ್ಕೆ ಬೇರೆ ಮಾತಿದ್ದರೆ, ಕೇಳಿದ ವಾಕ್ಯವನ್ನು ಹಾಗೇ ಬರೆದು ತಿಳಿಸಿ.